ಕೈ ಕೊಡು

ಒಂಬತ್ತೂವರೆಗೆ ಲಿಂಕ್ ಬರುತ್ತದೆ.
ಕಳಿಸುವವನು ಜಿಲಾನಿ, ಗುಂಡಿ ಬಡಿಯುವ ಹುಡುಗ,
ಹಗಲಿಡೀ ಹಿತ್ತಾಳೆ, ರಾತ್ರಿ ನೆಟ್ಟು.
ಒತ್ತಿದರೆ ಸಾಕು, ಒಂದೇ ಪುಟದೊಳಗೆ ಐದು ಜನ:
ಅವನು, ಕೌಲ್ ಬಜಾರಿನ ಮಾಬುನ್ನಿ,
ಮಿಲ್ಲರ್‌ಪೇಟೆಯ ಎರ್ರೆಮ್ಮ,
ಗುಗ್ಗರಹಟ್ಟಿಯಿಂದ ಹುಲಿಗೆಮ್ಮ, ಅವಳ ಮಗುವಿನ ಕೆಮ್ಮು,
ಬಂಡಿಮೋಟಿನ ಸಂದಿಯಿಂದ ನಾನು.

ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ.
ಎರ್ರೆಮ್ಮಗೆ ಕೆಂಪು ಬಂತು.
"ಎರ್ರ ಅಂದ್ರೆ ಕೆಂಪೇ ಅಲ್ಲೇನು, ಇದಕ್ಕೆ ಹೆಂಗ್ ಗೊತ್ತು?"
ನನ್ನದು ಬೂದಿ. ಬಿಳಿ ಪುಟದ ಮೇಲೆ ಬೂದಿ ಕಾಣುವುದಿಲ್ಲ,
ಸುಮ್ಮನಿದ್ದರೆ ನಾನಿಲ್ಲವೆಂದೇ ತಿಳಿಯುತ್ತಾರೆ:
"ಏ ಸುಂಕಿ, ಇದ್ದೀಯೇನೇ?"
ಆಗ ಬಾಣವನ್ನು ಗರಗರ ತಿರುಗಿಸುತ್ತೇನೆ.
ಇದ್ದೀನಿ.

ಪುಟ ಜರುಗಿಸುವ ಹಕ್ಕು ಒಂದು ಸಲಕ್ಕೆ ಒಬ್ಬರಿಗೆ.
ಗುಂಡಿಯ ಮೇಲೆ ಬರೆದಿತ್ತು: ನಿಯಂತ್ರಣ ಹಸ್ತಾಂತರ.
ನಾವದನ್ನು ಕೈ ಅಂದೆವು.
"ನನಗ್ ಕೈ ಕೊಡೇ." "ತಡಿಯೇ, ಕೊಡ್ತೀನಿ."
ಹೊರಗೆ ಕೈ ಕೊಟ್ಟವರ ಪಟ್ಟಿ ನಮ್ಮಲ್ಲಿ ಉದ್ದವಿದೆ,
ಸೇಟು, ಚೀಟಿ ಹಿಡಿದವಳು, ಮಾಬುನ್ನಿಯ ಗಂಡ.
ಇಲ್ಲಿ ಮಾತ್ರ
ಕೊಟ್ಟ ಕೈ ತಿರುಗಿ ಬರುತ್ತದೆ.

ಮೊದಮೊದಲು ಸುಮ್ಮನೆ ಅಲೆದೆವು.
ರೇಷನ್ ಕಾರ್ಡು ಎಲ್ಲಿಗೆ ಬಂತು, ಬಂಗಾರದ ರೇಟು,
ಮಂಜು ಬೀಳುವ ಯಾವುದೋ ಊರು,
ತಿಮಿಂಗಿಲದ ಎದೆಗುಂಡಿಗೆ ಎಷ್ಟು ತೂಕ.
ಎರ್ರೆಮ್ಮ ಓದುವುದು ನಿಧಾನ.
ಕೆಂಪು ಬಾಣ ಅಕ್ಷರಗಳ ಕೆಳಗೆ
ಕಚ್ಚಾ ಹೊಲಿಗೆ ಹಾಕಿದ ಹಾಗೆ ಹೋಗುತ್ತದೆ,
ಒತ್ತಕ್ಷರ ಬಂದಲ್ಲಿ ನಿಂತು, ಉಸಿರೆಳೆದು, ದಾಟಿ.
ಕೈ ಯಾರ ಹತ್ತಿರವೇ ಇರಲಿ,
ಆ ಕೆಂಪು ಪೂರ್ಣವಿರಾಮ ಮುಟ್ಟುವ ತನಕ
ಪುಟ ಅಲ್ಲಾಡುವುದಿಲ್ಲ.
ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ.

ನಿನ್ನೆ ಜಿಲಾನಿ ಒಂದು ಅಂಗಡಿ ತೆರೆದ.
ಬಾಗಿಲಿಲ್ಲ, ಗಲ್ಲಾ ಇಲ್ಲ, ಸಾಲು ಸಾಲು ಪ್ಯಾಂಟು,
ಕತ್ತಿನ ಮೇಲೆ ಏನೂ ಇಲ್ಲದ ಗಂಡಸರು.
ಕೈ ಮಾಬುನ್ನಿಯದು. ಸರಸರ ಇಳಿಸುತ್ತಿದ್ದವಳು ನಿಂತಳು.
ಹಸಿರು ಬಾಣ ಒಂದು ಜೇಬಿನ ಮೂಲೆಗೆ ಹೋಗಿ
ಅಲ್ಲೇ ಕೂತಿತು.
"ಇದು ನಂದು."

ದೊಡ್ಡದು ಮಾಡಿದೆವು. ಇನ್ನೂ ದೊಡ್ಡದು.
ನೀಲಿ ಒಡೆದು ದಾರ ದಾರವಾಯಿತು.
ಜೇಬಿನ ಕೊನೆಗೆ ಎಲ್ಲರೂ ಮೂರು ಸಲ ಹೊಲಿದು ಕತ್ತರಿಸಿದರೆ
ಅವಳು ನಾಕನೆಯದೊಂದು ಹಾಕುತ್ತಾಳೆ, ತುಸು ಓರೆ.
ಮೇಸ್ತ್ರಿ ಬೈದರೂ ಬಿಡಳು:
ಯಾರ ಚಿಲ್ಲರೆಯೂ ಬೀಳಬಾರದು, ಅಂತ.
ಆ ಓರೆ ಅಲ್ಲಿತ್ತು.

ಕೆಳಗೆ ಬೆಲೆ, ಸಾವಿರದ ಎಂಟುನೂರ ತೊಂಬತ್ತೊಂಬತ್ತು.
ಬೆಲ್ಲದ ಚೂರಿಗೆ ಇರುವೆ ಕೂಡಿದ ಹಾಗೆ
ಐದೂ ಬಾಣ ಅದರ ಸುತ್ತ ಕೂಡಿದವು.
ಜೇಬಿಗೆ ಒಂದೂವರೆ ರೂಪಾಯಿ, ಅಂತ ಯಾರೂ ಅನ್ನಲಿಲ್ಲ.
ಹುಲಿಗೆಮ್ಮ ಒಂದನ್ನು ಬುಟ್ಟಿಗೆ ಹಾಕಿದಳು.
ಜಿಲಾನಿ ಇನ್ನೊಂದು. ಆಮೇಲೆ ಕೈ ಕೈ ಬದಲಾಗುತ್ತಾ
ಅರವತ್ತಾಯಿತು, ನಿನ್ನೆ ಒಂದು ದಿನ ಹೊಲಿದಷ್ಟು.
ಮೊತ್ತ ಓದಿ ಮುಗಿಸಲು ಎರ್ರೆಮ್ಮಗೆ ಹೊತ್ತು ಹಿಡಿಯಿತು:
ಒಂದು ಲಕ್ಷ. ಹದಿಮೂರು ಸಾವಿರ.
ಒಂಬೈನೂರ. ನಲವತ್ತು.
ಕಾದೆವು.

ಎಲ್ಲಿಗೆ ಕಳಿಸಬೇಕು, ಪುಟ ಕೇಳಿತು.
ಬಾಣಗಳಲ್ಲಿ ಒಂದೂ ಮಿಸುಕಲಿಲ್ಲ.
ಹುಲಿಗೆಮ್ಮನ ಮಗು ಕೆಮ್ಮಿತು,
"ನಮ್ಮತ್ರನೇ ಇತ್ತಲ್ಲೇ ಮುಂಜಾನೆ," ಅಂದಳು ಮಾಬುನ್ನಿ,
ನಗು ಹತ್ತಿತು ನೋಡು,
ಮೈಕಿನಲ್ಲಿ ಯಾರದು ಯಾವುದು ತಿಳಿಯದ ಹಾಗೆ.
ಆಮೇಲೆ ಹಸಿರು ಹೋಯಿತು, ನೀಲಿ ಹೋಯಿತು, ಹಳದಿ,
ಬುಟ್ಟಿ ಹಾಗೇ ಬಿಟ್ಟು ಕೆಂಪೂ.
ಬೂದಿ ಇನ್ನೊಂದಿಷ್ಟು ಹೊತ್ತು ಅಲ್ಲೇ ಇತ್ತು.

ಈವತ್ತು ಮೆಷಿನ್ನಿಗೆ ಕೂತವಳೇ
ನಾನೂ ನಾಕನೆಯದು ಹಾಕಿದೆ. ನನ್ನದು ಎಡಕ್ಕೆ ಓರೆ.
ಎರ್ರೆಮ್ಮ ಕೆಂಪು ದಾರ ಕೇಳಿದಳಂತೆ,
ಮೇಸ್ತ್ರಿ, ಏನಕ್ಕೆ, ಅಂದ.